ಮೂರೆಳೆಯ ಹಗ್ಗ ಮತ್ತು ಜಿ. ಎನ್. ರಾಮಚಂದ್ರನ್

ಸುವರ್ಣ ಮಹೋತ್ಸವದ ಸಂಚಿಕೆಗೆ ನೀವು ಕಲಿಸಿದ ವಿಷಯದಲ್ಲಿ ಹೆಸರು ಮಾಡಿದ ಯಾರಾದರೊಬ್ಬರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ವಿಜ್ಞಾನಿಯಲ್ಲ, ನಮ್ಮ ದೊಡ್ಡಪ್ಪ. ಮಳೆಗಾಲದಲ್ಲಿ ತೋಟದ ಕೆಲಸ ಇಲ್ಲದ ದಿನ ಆತ ಜಗಲಿಯ ಕಂಬಕ್ಕೆ ಪುಂಡಿನಾರು ಕಟ್ಟಿಕೊಂಡು ಹಗ್ಗ ಹೊಸೆಯುತ್ತಿದ್ದ. ಒಂದೊಂದು ಎಳೆಯನ್ನೂ ಎಡಕ್ಕೆ ಹುರಿ ಮಾಡುವುದು, ಆಮೇಲೆ ಅಂಥ ಮೂರು ಎಳೆ ಸೇರಿಸಿ ಬಲಕ್ಕೆ ಹುರಿ ಮಾಡುವುದು. ಎರಡೂ ಒಂದೇ ಕಡೆಗಾದರೆ ಹಗ್ಗ ಬಿಚ್ಚಿಕೊಳ್ಳುತ್ತದೆ, ದನ ಹರಿದುಕೊಂಡು ಹೋಗುತ್ತದೆ ಎಂದು ನನಗೆ ಕಲಿಸಿದವನು ಆತ. ಹೊಸೆಯುವಾಗಲೂ ಬಾಯಲ್ಲಿ ಕವಳ ಇರಲೇಬೇಕು. ಸಂಚಿ ಪಕ್ಕದಲ್ಲೇ ಇರುತ್ತಿತ್ತು.

ನಾನು ಈ ಶಾಲೆಯ ಮೊದಮೊದಲಿನ ಬ್ಯಾಚಿನವನು. ಇಲ್ಲಿ ಹತ್ತನೇ ತರಗತಿ ಮುಗಿಸಿ ಶಿರಸಿಗೆ, ಅಲ್ಲಿಂದ ಧಾರವಾಡಕ್ಕೆ ಹೋದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿ ಈಗ ನಿವೃತ್ತ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಕೊಲಾಜೆನ್ ಎಂಬ ಪ್ರೋಟೀನಿನ ಚಿತ್ರ ಬರೆದರು. ಎಡಕ್ಕೆ ಸುತ್ತಿದ ಮೂರು ಎಳೆಗಳು, ಅವು ಒಟ್ಟಾಗಿ ಬಲಕ್ಕೆ ಸುತ್ತಿಕೊಂಡಿವೆ. ನಮ್ಮ ಚರ್ಮ, ಮೂಳೆ, ಸ್ನಾಯುಗಳನ್ನು ಮೂಳೆಗೆ ಬಿಗಿದಿರುವ ರಜ್ಜು ಎಲ್ಲವೂ ಇದೇ ಹಗ್ಗದಿಂದ ಆಗಿವೆ, ಇದರ ಕಟ್ಟನ್ನು ಮದ್ರಾಸಿನಲ್ಲಿ ಕುಳಿತು ಬಿಡಿಸಿದವರು ರಾಮಚಂದ್ರನ್ ಎಂದರು. ನಾನು ದೊಡ್ಡಪ್ಪನ ಜಗಲಿಗೆ ಹೋಗಿಬಂದಂತಾಯಿತು. ಆ ಹೆಸರು ಅಂದಿನಿಂದ ನನ್ನ ಜೊತೆ ಇದೆ. ಅವರನ್ನು ನಾನು ಕಣ್ಣಾರೆ ನೋಡಿದವನಲ್ಲ.

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು, ಮುಂದೆ ಪ್ರಾಂಶುಪಾಲರೂ ಆದವರು. ಮನೆಯಲ್ಲೇ ಗಣಿತ ಇತ್ತು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿ 1942ರಲ್ಲಿ ಬೆಂಗಳೂರಿಗೆ ಬಂದರು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಅಲ್ಲಿ ಸಿ. ವಿ. ರಾಮನ್ ಇದ್ದರು. ಈ ಹುಡುಗ ಎಂಜಿನಿಯರಿಂಗಿಗೆ ಹೆಚ್ಚಾದ ಬುದ್ಧಿವಂತ ಎಂದು ಆ ವಿಭಾಗದ ಮುಖ್ಯಸ್ಥರಿಗೆ ಹೇಳಿ ರಾಮನ್ ಅವರು ಅವನನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು ಎಂಬ ಕತೆ ಆ ಸಂಸ್ಥೆಯಲ್ಲಿ ಇಂದಿಗೂ ಓಡಾಡುತ್ತದೆ. ರಾಮನ್ ಅವರ ಕೈಕೆಳಗೆ ಬೆಳಕು, ಹರಳು, ಕ್ಷ-ಕಿರಣಗಳ ಮೇಲೆ ಕೆಲಸ ಮಾಡಿ 1947ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಡಿ.ಎಸ್ಸಿ. ಪಡೆದರು. ನಂತರ ಎರಡು ವರ್ಷ ಕೇಂಬ್ರಿಜ್, ಅಲ್ಲಿ ಇನ್ನೊಂದು ಡಾಕ್ಟರೇಟು. 1949ರಲ್ಲಿ ಮತ್ತೆ ಬೆಂಗಳೂರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹೊಸದಾಗಿ ಭೌತಶಾಸ್ತ್ರ ವಿಭಾಗ ಕಟ್ಟಲು ಹೊರಟಿತು. ಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರು ಮೊದಲು ಕೇಳಿದ್ದು ರಾಮನ್ ಅವರನ್ನು. ಅವರು ತಾವು ಬರದೆ ಶಿಷ್ಯನ ಹೆಸರು ಹೇಳಿದರು. ಹೀಗೆ ಮೂವತ್ತು ತುಂಬುವ ಹೊತ್ತಿಗೆ ರಾಮಚಂದ್ರನ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ವಿಭಾಗ ಹೊಸದು, ಕೈಯಲ್ಲಿ ಹಣ ಕಡಿಮೆ, ಯಾವ ಪ್ರಶ್ನೆಯ ಬೆನ್ನು ಹತ್ತಬೇಕು ಎಂಬುದೂ ಗಟ್ಟಿಯಾಗಿರಲಿಲ್ಲ.

ಆ ವರ್ಷ ಇಂಗ್ಲೆಂಡಿನ ಜೆ. ಡಿ. ಬರ್ನಾಲ್ ಮದ್ರಾಸಿಗೆ ಬಂದರು. ಕ್ಷ-ಕಿರಣ ಹಾಯಿಸಿ ದೊಡ್ಡ ಅಣುಗಳ ಆಕಾರ ಹುಡುಕುವುದರಲ್ಲಿ ಆಗ ಅವರದು ದೊಡ್ಡ ಹೆಸರು. ಕೊಲಾಜೆನ್ನಿನ ಒಳಗಿನ ಕಟ್ಟು ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲ ಎಂದು ಮಾತಿನ ನಡುವೆ ಅವರು ಹೇಳಿದ್ದೇ ರಾಮಚಂದ್ರನ್ ಅವರಿಗೆ ದಾರಿಯಾಯಿತು. ಸಮೀಪದಲ್ಲೇ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚರ್ಮ ಎಂದರೆ ಬಹುಪಾಲು ಕೊಲಾಜೆನ್ನೇ ತಾನೆ. ಅಲ್ಲಿಂದ ಹಲವು ಮಾದರಿ ತರಿಸಿ ನೋಡಿದರು. ಅವುಗಳಲ್ಲಿ ಎಲ್ಲಕ್ಕಿಂತ ಸ್ಪಷ್ಟ ಚಿತ್ರ ಕೊಟ್ಟದ್ದು ಕಾಂಗರೂವಿನ ಬಾಲದ ರಜ್ಜು. ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಆದರೆ ರಜ್ಜಿನಲ್ಲಿ ನಾರುಗಳೆಲ್ಲ ಒಂದೇ ದಿಕ್ಕಿಗೆ ಅಚ್ಚುಕಟ್ಟಾಗಿ ಮಲಗಿರುತ್ತವೆ, ಚರ್ಮದಲ್ಲಿ ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತವೆ. ಚಿತ್ರ ಸ್ಪಷ್ಟ ಬರಬೇಕಾದರೆ ರಜ್ಜೇ ಬೇಕು.

ಅವರ ಜೊತೆ ಕೆಲಸ ಮಾಡಿದವರು ಗೋಪಿನಾಥ ಕರ್ತಾ. ಕೊಲಾಜೆನ್ನಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಗ್ಲೈಸಿನ್ ಎಂಬ ಅಮೈನೋ ಆಮ್ಲ ಎಂಬುದು ರಾಸಾಯನಿಕ ಪರೀಕ್ಷೆಯಿಂದ ಗೊತ್ತಿತ್ತು. ಇಷ್ಟು ಲೆಕ್ಕವಾಗಿ ಮೂರರಲ್ಲೊಂದು ಇರುವುದು ಸುಮ್ಮನೆ ಅಲ್ಲ, ಸರಪಳಿಯಲ್ಲಿ ಪ್ರತಿ ಮೂರನೆಯ ಜಾಗ ಗ್ಲೈಸಿನ್‌ಗೇ ಮೀಸಲು ಇರಬೇಕು ಎಂದು ಇಬ್ಬರೂ ಯೋಚಿಸಿದರು. ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಅತಿ ಚಿಕ್ಕದು ಗ್ಲೈಸಿನ್. ಮೂರು ಎಳೆ ಒತ್ತಾಗಿ ಕೂರುವ ಕಡೆ, ಹಗ್ಗದ ಒಳನಡುವಿನಲ್ಲಿ, ಬೇರೆ ಯಾವುದಕ್ಕೂ ಜಾಗ ಇಲ್ಲ. ಇದನ್ನು ಆಧರಿಸಿ 1954ರ ಆಗಸ್ಟಿನಲ್ಲಿ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಮೂರು ಎಳೆಗಳ ಮಾದರಿಯನ್ನು ಪ್ರಕಟಿಸಿದರು. ಆ ಮಾದರಿಯಲ್ಲಿ ಮೂರೂ ಎಳೆಗಳು ಪಕ್ಕಪಕ್ಕದಲ್ಲಿ ನೇರವಾಗಿ ನಿಂತಿದ್ದವು. ಕ್ಷ-ಕಿರಣದ ಚಿತ್ರಕ್ಕೆ ಅದು ಪೂರ್ತಿ ಹೊಂದಲಿಲ್ಲ. ಚಂದ್ರ ಭೂಮಿಯನ್ನು ಸುತ್ತುವಾಗ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ, ಅಂದರೆ ಸುತ್ತು ಬರುತ್ತಲೇ ತಾನೂ ತಿರುಗುತ್ತಾನೆ ಎಂಬ ಯೋಚನೆಯಿಂದ ಮುಂದಿನ ಹೆಜ್ಜೆ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ರತಿ ಎಳೆಯೂ ತನ್ನಷ್ಟಕ್ಕೆ ಸುತ್ತಿಕೊಂಡು, ಮೂರೂ ಸೇರಿ ಒಂದು ನಡುಗೆರೆಯ ಸುತ್ತ ಮತ್ತೆ ಸುತ್ತಿಕೊಂಡರೆ? 1955ರ ಸೆಪ್ಟೆಂಬರಿನಲ್ಲಿ ಈ ಹೊಸ ಮಾದರಿ ಪ್ರಕಟವಾಯಿತು. ಅವರು ಚಂದ್ರನನ್ನು ನೋಡಿದರು. ಪುಂಡಿನಾರಿನ ಹಗ್ಗ ನೋಡಿದ್ದರೂ ಆಗುತ್ತಿತ್ತು ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಆದರೆ ಹಗ್ಗ ನಾವೆಲ್ಲ ನೋಡಿದ್ದೆವಲ್ಲ.

ಸಂತೋಷ ಬಹಳ ದಿನ ಉಳಿಯಲಿಲ್ಲ. ಎರಡೇ ತಿಂಗಳಲ್ಲಿ ಅದೇ ಪತ್ರಿಕೆಯಲ್ಲಿ ಕೇಂಬ್ರಿಜ್‌ನ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮ ಮಾದರಿ ಮುಂದಿಟ್ಟರು. ಎರಡು ವರ್ಷದ ಹಿಂದೆ ಡಿ.ಎನ್.ಎ. ರಚನೆ ಹೇಳಿದ ಕ್ರಿಕ್ ಅವರೇ ಇವರು. ಮೂರೆಳೆಯ ಸುರುಳಿ ಎಂಬ ಮಾತನ್ನು ಅವರೂ ಒಪ್ಪಿದರು. ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಹತ್ತಿರ ಬಂದಿವೆ, ಮೂರು ಅಮೈನೋ ಆಮ್ಲಗಳಿಗೆ ಎರಡು ಜಲಜನಕ ಬಂಧ ಸಾಧ್ಯವಿಲ್ಲ, ಒಂದೇ ಸಾಧ್ಯ ಎಂದು ಆಕ್ಷೇಪಿಸಿದರು. ಇಂದು ಪಠ್ಯಪುಸ್ತಕಗಳಲ್ಲಿರುವುದು ಒಂದು ಬಂಧದ ಮಾದರಿಯೇ. ಈ ವಿವರದಲ್ಲಿ ರಿಚ್ ಮತ್ತು ಕ್ರಿಕ್ ಸರಿ ಇದ್ದರು. ಮೂಲ ಕಟ್ಟು ಮಾತ್ರ ಮದ್ರಾಸಿನದು.

ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಸಿಟ್ಟು ಮಾಡಿಕೊಂಡು ಕೂರುತ್ತಿದ್ದರು, ಅಥವಾ ವಿಷಯವನ್ನೇ ಬಿಡುತ್ತಿದ್ದರು. ರಾಮಚಂದ್ರನ್ ಅವರಿಗೂ ನೋವಾಗಿರಬೇಕು. ಆದರೆ ಅವರು ಕೇಳಿಕೊಂಡದ್ದು ಬೇರೆ ಪ್ರಶ್ನೆ. ಎರಡು ಪರಮಾಣು ಅತಿ ಹತ್ತಿರ ಬಂದಿವೆ ಎನ್ನುತ್ತೀರಿ, ಸರಿ, ಎಷ್ಟು ಹತ್ತಿರ ಬಂದರೆ ಅತಿ ಹತ್ತಿರ? ಅದಕ್ಕೆ ಯಾರ ಬಳಿಯೂ ಖಚಿತ ಅಳತೆ ಇರಲಿಲ್ಲ. ಅವರು ಮತ್ತು ಅವರ ಶಿಷ್ಯರಾದ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅದುವರೆಗೆ ಪ್ರಕಟವಾದ ಹರಳುಗಳ ಅಳತೆಗಳನ್ನೆಲ್ಲ ಕೂಡಿಹಾಕಿ ಯಾವ ಪರಮಾಣು ಯಾವುದಕ್ಕೆ ಎಷ್ಟು ಸಮೀಪ ಬರಬಹುದು ಎಂದು ಪಟ್ಟಿ ಮಾಡಿದರು. ನಮ್ಮ ಮೊಣಕೈ ಮುಂದಕ್ಕೆ ಮಡಚುತ್ತದೆ, ಹಿಂದಕ್ಕೆ ಮಡಚುವುದಿಲ್ಲ. ಹಾಗೆಯೇ ಪ್ರೋಟೀನಿನ ಸರಪಳಿಯಲ್ಲಿ ಪ್ರತಿ ಕೊಂಡಿಗೂ ತಿರುಗಲು ಎರಡು ಕೋನಗಳಿವೆ. ಎಷ್ಟು ತಿರುಗಿದರೆ ಪರಮಾಣುಗಳು ಡಿಕ್ಕಿ ಹೊಡೆಯುವುದಿಲ್ಲ ಎಂದು ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಒಂದೊಂದಾಗಿ ಎಣಿಸಿ ನಕ್ಷೆ ಬರೆದರು. 1963ರಲ್ಲಿ ಪ್ರಕಟವಾದ ಆ ನಕ್ಷೆಯೇ ರಾಮಚಂದ್ರನ್ ನಕ್ಷೆ. ಇಂದಿಗೂ ಜಗತ್ತಿನ ಯಾವುದೇ ಪ್ರಯೋಗಾಲಯ ಹೊಸ ಪ್ರೋಟೀನಿನ ಆಕಾರ ಕಂಡುಹಿಡಿದರೆ ಅದು ಸರಿಯೇ ಎಂದು ಈ ನಕ್ಷೆಗೆ ಹಚ್ಚಿ ನೋಡುತ್ತದೆ. ಇದೇ ವಿಧಾನವನ್ನು ಅವರ ಗುಂಪು ಸೆಲ್ಯುಲೋಸ್, ಪಿಷ್ಟದಂಥ ಸಕ್ಕರೆಯ ಸರಪಳಿಗಳಿಗೂ ಅನ್ವಯಿಸಿತು.

ಸಕ್ಕರೆಯ ಸರಪಳಿ ಎಂದದ್ದಕ್ಕೆ ಒಂದು ಮಾತು ಸೇರಿಸಬೇಕು. ನಮ್ಮ ಮೈ ಬರೀ ಜೀವಕೋಶಗಳ ರಾಶಿಯಲ್ಲ. ಕೋಶಗಳ ನಡುವೆ, ಅವುಗಳ ಹೊರಗೆ, ಒಂದು ಹಂದರ ಇದೆ. ಅದರಲ್ಲಿ ಕೊಲಾಜೆನ್ ಹಗ್ಗವಾದರೆ, ಹಗ್ಗಗಳ ನಡುವೆ ತುಂಬಿಕೊಂಡಿರುವುದು ಪ್ರೋಟಿಯೋಗ್ಲೈಕಾನ್ ಎಂಬ ವಸ್ತು. ಬಾಟಲಿ ತೊಳೆಯುವ ಬ್ರಷ್ ನೆನಪಿಸಿಕೊಳ್ಳಿ. ನಡುವಿನ ತಂತಿ ಪ್ರೋಟೀನು, ಸುತ್ತಲಿನ ಕೂದಲು ಉದ್ದುದ್ದ ಸಕ್ಕರೆಯ ಸರಪಳಿಗಳು. ಆ ಕೂದಲುಗಳಲ್ಲಿ ಋಣ ವಿದ್ಯುದಂಶ ತುಂಬಿರುವುದರಿಂದ ಅವು ಸೋಡಿಯಂ ಅನ್ನು ಸೆಳೆದು, ಅದರ ಬೆನ್ನಿಗೆ ನೀರನ್ನೂ ಸೆಳೆದು ಉಬ್ಬಿಕೊಳ್ಳುತ್ತವೆ. ಮಂಡಿಯ ಮೃದ್ವಸ್ಥಿಯಲ್ಲಿ ಹೀಗೆ ಉಬ್ಬಲು ಹೊರಟ ಬ್ರಷ್‌ಗಳನ್ನು ಕೊಲಾಜೆನ್ನಿನ ಹಗ್ಗ ಬಿಗಿದು ಹಿಡಿದಿರುತ್ತದೆ. ಅದಕ್ಕೇ ನಾವು ಅಡಿಕೆಮೂಟೆ ಹೊತ್ತರೂ ಮೂಳೆಗೆ ಮೂಳೆ ತಾಗುವುದಿಲ್ಲ. ವಯಸ್ಸಾದಂತೆ ಬ್ರಷ್ ಸವೆದು ನೀರು ಹಿಡಿಯದೆ ಹೋದರೆ ಮಂಡಿನೋವು. ಇದನ್ನು ಓದುವವರಲ್ಲಿ ಅರ್ಧ ಜನಕ್ಕೆ ಅದರ ಪರಿಚಯ ಇದ್ದೇ ಇರುತ್ತದೆ, ನನಗಂತೂ ಇದೆ. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಮೃದ್ವಸ್ಥಿಯೇ ಮೂಳೆಯನ್ನು ಉದ್ದ ಮಾಡುವುದು. ಅಲ್ಲಿಯ ಪ್ರೋಟಿಯೋಗ್ಲೈಕಾನ್‌ನಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಮಗು ಎತ್ತರ ಬೆಳೆಯುವುದಿಲ್ಲ. ಡೆಕೊರಿನ್ ಎಂಬ ಚಿಕ್ಕ ಜಾತಿಯ ಪ್ರೋಟಿಯೋಗ್ಲೈಕಾನ್ ಕೊಲಾಜೆನ್ನಿಗೇ ಅಂಟಿಕೊಂಡು ಹಗ್ಗ ಎಷ್ಟು ದಪ್ಪ ಆಗಬೇಕು ಎಂಬುದನ್ನು ಹದ್ದಿನಲ್ಲಿಡುತ್ತದೆ. ಅದಿಲ್ಲದ ಇಲಿಗಳ ಚರ್ಮ ಸುಲಭವಾಗಿ ಹರಿಯುತ್ತದೆ.

ಹಗ್ಗ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೂ ರಾಮಚಂದ್ರನ್ ಅವರ ಮಾದರಿಯೇ ಉತ್ತರ ಕೊಡುತ್ತದೆ. ಎಳೆಯೊಂದರಲ್ಲಿ ಸುಮಾರು ಸಾವಿರ ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಒಂದೇ ಒಂದು ಗ್ಲೈಸಿನ್ ಜಾಗಕ್ಕೆ ದೊಡ್ಡದೊಂದು ಬಂದು ಕೂತರೂ ಸಾಕು, ಹುರಿ ಅಲ್ಲಿ ಸರಿ ಕೂರುವುದಿಲ್ಲ. ಎತ್ತಿಕೊಂಡರೇ ಮೂಳೆ ಮುರಿಯುವಂಥ ಕೂಸುಗಳು ಹುಟ್ಟುವುದು ಎಷ್ಟೋ ಸಲ ಈ ಕಾರಣಕ್ಕೆ. ಇನ್ನು ಹಗ್ಗ ಬಿಗಿಯಾಗಿ ನಿಲ್ಲಲು ಹೈಡ್ರಾಕ್ಸಿಪ್ರೋಲಿನ್ ಬೇಕು. ಅದನ್ನು ಮಾಡಿಕೊಳ್ಳಲು ಮೈಗೆ ಸಿ ಜೀವಸತ್ವ ಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ವಸಡಿನಿಂದ ರಕ್ತ ಸೋರಿ, ಮಾದುಹೋದ ಹಳೇ ಗಾಯ ಬಾಯಿಬಿಡುತ್ತಿದ್ದದ್ದು ಇದರ ಕೊರತೆಯಿಂದ. ನಮ್ಮ ಬೆಟ್ಟದ ನೆಲ್ಲಿಕಾಯಿಯಲ್ಲಿ ಅದು ಧಾರಾಳ.

ಈಗ ದೊಡ್ಡಪ್ಪನ ವಿಷಯಕ್ಕೆ ಬರಬೇಕು. ಇದನ್ನು ಈ ಸಂಚಿಕೆಯಲ್ಲಿ ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಈ ಶಾಲೆಯಲ್ಲಿ ಓದಿದ ಬಹಳ ಮಂದಿಯದ್ದೂ ಅದೇ ಕತೆ.

ನಾನು ಧಾರವಾಡದಲ್ಲಿದ್ದಾಗ ರಜೆಗೆ ಬಂದ ಒಂದು ಸಲ ದೊಡ್ಡಪ್ಪ ಊಟದಲ್ಲಿ ಉಪ್ಪಿನಕಾಯಿ ಮುಟ್ಟಲಿಲ್ಲ. ಬಾಯಿ ಉರಿ ಎಂದ. ಮುಂದಿನ ವರ್ಷ ಖಾರದ ಯಾವುದೂ ಬೇಡವೆಂದ. ಆಯಿ ಅದನ್ನು ಉಷ್ಣ ಎಂದುಕೊಂಡು ಬೆಣ್ಣೆ ಹಚ್ಚುತ್ತಿದ್ದಳು. ಅದಾದ ಒಂದೆರಡು ವರ್ಷಕ್ಕೆ ಬಾಯಿ ಅಗಲಿಸಲಿಕ್ಕೆ ಬರದಾಯಿತು. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಾಕಿ ನೋಡಿ, ಸಾಧಾರಣವಾಗಿ ಹಿಡಿಸುತ್ತದೆ. ದೊಡ್ಡಪ್ಪನಿಗೆ ಎರಡು, ಆಮೇಲೆ ಒಂದು. ಹಬ್ಬದ ದಿನ ಹೋಳಿಗೆ ಚೂರು ಮಾಡಿ ಬೆರಳಲ್ಲಿ ಒಳಗೆ ತೂರಿಸಿಕೊಳ್ಳುತ್ತಿದ್ದ. ಎಲ್ಲರ ಜೊತೆ ಪಂಕ್ತಿಗೆ ಕೂರುವುದನ್ನು ಬಿಟ್ಟ. ಕವಳ ಮಾತ್ರ ಬಿಡಲಿಲ್ಲ. ಕುಟ್ಟಿ ಪುಡಿ ಮಾಡಿ ಹಾಕಿಕೊಳ್ಳುತ್ತಿದ್ದ. ಹಲ್ಲಿಲ್ಲದವರು ಕುಟ್ಟುವ ಒರಳು ಹಲ್ಲೆಲ್ಲ ಗಟ್ಟಿ ಇದ್ದವನ ಕೈಗೆ ಬಂದಿತ್ತು.

ಹೆಸರು ನನಗೆ ಆಮೇಲೆ ತಿಳಿಯಿತು. ಬಾಯಿಯ ಒಳಪೊರೆಯ ಕೆಳಗೆ ಕೊಲಾಜೆನ್ ಬೆಳೆದು ಹುರಿಗಟ್ಟುವ ಕಾಯಿಲೆ. 1952ರಲ್ಲಿ ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಇದನ್ನು ಗುರುತಿಸಿದರು. ಮರುವರ್ಷ ನಮ್ಮ ದೇಶದಲ್ಲಿ ಜೋಶಿ ಎಂಬ ವೈದ್ಯರು ಬರೆದರು. ಮದ್ರಾಸಿನಲ್ಲಿ ರಾಮಚಂದ್ರನ್ ಕಾಂಗರೂ ಬಾಲದ ರಜ್ಜಿಗೆ ಕ್ಷ-ಕಿರಣ ಹಾಯಿಸುತ್ತಿದ್ದ ಕಾಲವೇ ಅದು. ಒಂದೇ ಹಗ್ಗದ ಎರಡು ತುದಿ, ಆದರೆ ಒಂದು ತುದಿ ಹಿಡಿದವರಿಗೆ ಇನ್ನೊಂದು ತುದಿ ಗೊತ್ತಿರಲಿಲ್ಲ.

ಅಡಿಕೆಗೂ ಇದಕ್ಕೂ ಇರುವ ಸಂಬಂಧ ಹೀಗೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಹಗ್ಗ ಹೊಸೆಯುವ ಕೋಶಗಳಿಗೆ ಹೆಚ್ಚು ಹೊಸೆಯಲು ಹೇಳುತ್ತದೆ. ಅಡಿಕೆಯ ತಾಮ್ರದ ಅಂಶ ಎಳೆಗಳ ನಡುವೆ ಅಡ್ಡ ಬೆಸುಗೆ ಹಾಕುವ ಕಿಣ್ವಕ್ಕೆ ಬಲ ಕೊಡುತ್ತದೆ. ಇನ್ನು ಅದರ ಒಗರು, ಬೇಯಿಸಿದಾಗ ಚೊಗರಿನಲ್ಲಿ ಇಳಿಯುವ ಟ್ಯಾನಿನ್, ಕೊಲಾಜೆನ್ನಿಗೆ ಅಂಟಿಕೊಂಡು ಅದನ್ನು ಮೈ ಕರಗಿಸಲಾಗದ ಹಾಗೆ ಮಾಡುತ್ತದೆ. ಚರ್ಮ ಹದ ಮಾಡುವವರು ತೊಗಟೆಯ ಒಗರಿನಲ್ಲಿ ಹಸಿ ಚರ್ಮ ನೆನೆಸುವುದೂ ಇದೇ ಕೆಲಸಕ್ಕೆ. ಹಳೆಯ ಹಗ್ಗ ಹೋಗುವುದಿಲ್ಲ, ಹೊಸದು ಬರುತ್ತಲೇ ಇರುತ್ತದೆ. ಕೆನ್ನೆ ಒಳಗಿಂದ ಬಿಗಿಯುತ್ತದೆ. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರ್ ಆಗುತ್ತದೆ. ತಂಬಾಕು ಸೇರದ ಬರಿಯ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ವರದಿಯಲ್ಲಿ ಪ್ರಕಟಿಸಿತು. ಇದರ ಬಗ್ಗೆ ನಮ್ಮ ಕಡೆ ಎಷ್ಟು ವಾದ ನಡೆದಿದೆ ಎಂದು ನಿಮಗೆ ಗೊತ್ತು. ನಾನು ವಾದಕ್ಕೆ ಬರುವವನಲ್ಲ, ದೊಡ್ಡಪ್ಪನ ಬಾಯಿ ನೋಡಿದವನು. ಆತನಿಗೆ ಕ್ಯಾನ್ಸರ್ ಆಗಲಿಲ್ಲ. ಬಾಯಿ ಮಾತ್ರ ಮತ್ತೆ ತೆರೆಯಲಿಲ್ಲ. ಉರಿ ಶುರುವಾದ ಹೊತ್ತಿಗೇ ಬಿಟ್ಟಿದ್ದರೆ ಅಷ್ಟಕ್ಕೆ ನಿಲ್ಲುವ ಸಾಧ್ಯತೆ ಇತ್ತು. ಹೇಳಬೇಕಾದ ನಾನು ಧಾರವಾಡದಲ್ಲಿ ಇದೇ ಕೊಲಾಜೆನ್ನಿನ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದುಕೊಳ್ಳುತ್ತಿದ್ದೆ.

ರಾಮಚಂದ್ರನ್ ಅವರ ಉಳಿದ ಬದುಕು. 1961ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. 1967ರಲ್ಲಿ ಕೊಲಾಜೆನ್ ಕುರಿತ ದೊಡ್ಡ ಗ್ರಂಥವೊಂದನ್ನು ಸಂಪಾದಿಸಿದರು. 1970ರಲ್ಲಿ ಮದ್ರಾಸ್ ಬಿಟ್ಟರು. ಸತೀಶ್ ಧವನ್ ಆಗ ಬೆಂಗಳೂರಿನ ಸಂಸ್ಥೆಯ ನಿರ್ದೇಶಕರು. 1971ರಲ್ಲಿ ಅಲ್ಲಿ ರಾಮಚಂದ್ರನ್ ಅವರ ಮುಂದಾಳುತನದಲ್ಲಿ ಅಣು ಜೈವಿಕ ಭೌತಶಾಸ್ತ್ರದ ಘಟಕ ಶುರುವಾಯಿತು. ವಿದ್ಯಾರ್ಥಿಯಾಗಿ ಬಂದ ಊರಿಗೆ ಹೀಗೆ ಮರಳಿದರು. ಆ ಘಟಕ ಈಗಲೂ ಇದೆ. ಅದೇ 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಅವರು ಪ್ರಕಟಿಸಿದ ಒಂದು ಗಣಿತ ವಿಧಾನ ಸಿ.ಟಿ. ಸ್ಕ್ಯಾನ್ ಯಂತ್ರಗಳ ಲೆಕ್ಕವನ್ನು ಬಹಳ ಸಲೀಸು ಮಾಡಿತು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಸ್ಕ್ಯಾನ್ ಮಾಡಿಸಲು ಹೋಗುವ ನಮ್ಮವರು ಆ ದೊಡ್ಡ ಬಳೆಯೊಳಗೆ ಮಲಗುವಾಗ ಈ ಹೆಸರು ಕೇಳಿರುವುದಿಲ್ಲ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಮಾಡಿತು. ನೊಬೆಲ್ ಬರಲಿಲ್ಲ.

ಕೊನೆಗಾಲದಲ್ಲಿ ಅವರ ಮನಸ್ಸು ತರ್ಕದ ಕಡೆ ಹೊರಳಿತು. ಇದೆ, ಇಲ್ಲ ಎಂಬ ಎರಡೇ ಉತ್ತರ ಸಾಲದು, ಇರಬಹುದು ಎಂಬುದಕ್ಕೂ ಜಾಗ ಬೇಕೆನ್ನುವ ಜೈನರ ಸ್ಯಾದ್ವಾದವನ್ನು ಗಣಿತದ ಭಾಷೆಗೆ ತರಲು ಯತ್ನಿಸಿದರು. ಆರೋಗ್ಯ ಚೆನ್ನಾಗಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಹಿಡಿದಿತ್ತು. 1945ರಲ್ಲಿ ಕೈಹಿಡಿದ ಹೆಂಡತಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ಹರಳುಶಾಸ್ತ್ರ ಒಕ್ಕೂಟದ ಎವಾಲ್ಡ್ ಪ್ರಶಸ್ತಿ ಬಂತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರು ತೀರಿಕೊಂಡರು.

ದೊಡ್ಡಪ್ಪ ಹೊಸೆದ ಹಗ್ಗದ ಒಂದು ತುಂಡು ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿತು. ಗಟ್ಟಿಯಾಗಿಯೇ ಇತ್ತು. ಎಳೆಗಳನ್ನು ಬಿಡಿಸಿ, ಪ್ರತಿ ಮೂರನೆಯ ಜಾಗದಲ್ಲಿ ಸುಣ್ಣದ ಬಿಳಿ ಗುರುತು ಹಾಕಿ, ಗುರುತೆಲ್ಲ ಒಳಗೆ ಬರುವ ಹಾಗೆ ಮತ್ತೆ ಹುರಿ ಮಾಡಿದೆ. ನಾಲ್ಕು ಸಲ ತಪ್ಪಿ ಐದನೇ ಸಲಕ್ಕೆ ಸರಿ ಬಂತು. ಅದೀಗ ಶಾಲೆಯ ವಿಜ್ಞಾನ ಕೋಣೆಯಲ್ಲಿ ಅಸ್ಥಿಪಂಜರದ ಚಿತ್ರದ ಪಕ್ಕ ಮೊಳೆಗೆ ನೇತುಬಿದ್ದಿದೆ. ಕಳೆದ ವರ್ಷ ಹತ್ತನೇ ತರಗತಿಯ ಮಕ್ಕಳ ಮುಂದೆ ಅದನ್ನು ಬಿಡಿಸಿ ತೋರಿಸಿದೆ. ಆಮೇಲೆ ಎಲ್ಲರೂ ಬಾಯಿಗೆ ಮೂರು ಬೆರಳು ಇಟ್ಟುಕೊಂಡು ನೋಡಿ ಎಂದೆ. ಕೋಣೆ ತುಂಬ ನಗೆ. ಹಿಂದಿನ ಬೆಂಚಿನ ಒಬ್ಬ ಹುಡುಗ ನಗಲಿಲ್ಲ. ಬೆಲ್ಲು ಹೊಡೆದ ಮೇಲೆ ನಿಂತುಕೊಂಡು, ತನ್ನ ಅಜ್ಜನಿಗೆ ಎರಡೇ ಬೆರಳು ಹಿಡಿಸುತ್ತದೆ, ಯಾವ ಡಾಕ್ಟರ ಹತ್ತಿರ ಹೋಗಬೇಕು ಎಂದು ಕೇಳಿದ. ದಂತವೈದ್ಯರಿಗೆ ತೋರಿಸಬೇಕು ಎಂದು ಹೇಳಿ, ಆ ಭಾನುವಾರ ಅವನ ಅಜ್ಜನ ಜೊತೆ ನಾನೂ ಎಕ್ಕಂಬಿ ಕ್ರಾಸಿನಲ್ಲಿ ಶಿರಸಿಯ ಬಸ್ಸು ಹತ್ತಿದೆ.